ಹೈದರ್: ಅಮ್ಮ ಇಟ್ಟ ಹೆಸರು

ಪ್ರಶ್ನೆ: ಅಸ್ಸಲಾಮು ಅಲೈಕುಂ ಸರ್. ನಾವು ಶಿವಮೊಗ್ಗದವರು. ನಮಗೆ ಗಂಡುಮಗು ಹುಟ್ಟಿ ಮೂರು ವಾರ ಆಯಿತು. ನನ್ನ ತಂದೆಯ ತಾಯಿ, ನಮ್ಮ ದಾದಿಮಾ, ಮಗುವನ್ನು ಮೊದಲ ಸಲ ಎತ್ತಿಕೊಂಡಾಗಲೇ 'ಇವನು ನನ್ನ ಹೈದರ್' ಅಂದುಬಿಟ್ಟರು. ನನಗೂ ಹೆಂಡತಿಗೂ ಹೆಸರು ಇಷ್ಟ. ಆದರೆ ಅವತ್ತಿನಿಂದ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಹೆಂಡತಿಯ ಚಿಕ್ಕಪ್ಪ 'ಅದು ಶಿಯಾಗಳ ಹೆಸರು, ನಾವು ಸುನ್ನಿಗಳು, ಬೇಡ' ಅನ್ನುತ್ತಾರೆ. ನನ್ನ ಅಕ್ಕ 'ನಾಮ್ ಭಾರೀ ಹೈ, ಮಗು ಸಿಡುಕ ಆಗ್ತಾನೆ' ಅಂತಾಳೆ. ಕುರಾನಿನಲ್ಲಿ ಇಲ್ಲದ ಹೆಸರು ಇಡಬಾರದು ಅಂತ ಇನ್ನೊಬ್ಬರು. ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ಸಿಂಹ, ಒಂದು ಕಡೆ ಧೈರ್ಯವಂತ, ಮತ್ತೊಂದು ಕಡೆ 'ಕೆಳಗೆ ಇಳಿಯುವವನು' ಅಂತ ಇದೆ. ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು ಅನ್ನೋದೂ ಗೊತ್ತಾಗುತ್ತಿಲ್ಲ. ಜನನ ಪ್ರಮಾಣಪತ್ರಕ್ಕೆ ಹೆಸರು ಕೊಡಬೇಕು. ತಮ್ಮ ದುಬೈನಲ್ಲಿದ್ದಾನೆ, ಮುಂದೆ ನಾವೂ ಹೋಗಬಹುದು. ದಯವಿಟ್ಟು ತಿಳಿಸಿ.

ಉತ್ತರ: ವಅಲೈಕುಂ ಅಸ್ಸಲಾಮ್. ಮೊದಲು ಮುಬಾರಕ್. ಮಗು, ಬಾಣಂತಿ ಇಬ್ಬರೂ ಚೆನ್ನಾಗಿದ್ದಾರೆ ಅಂದುಕೊಳ್ಳುತ್ತೇನೆ.

ನಾನು 27 ವರ್ಷ ಕಾಲೇಜಿನಲ್ಲಿ ಅರಬ್ಬಿ, ಪಾರ್ಸಿ ಕಲಿಸಿದವನು. ಹಳೆಯ ವಿದ್ಯಾರ್ಥಿಗಳ ಮನೆಯಲ್ಲಿ ಮಗು ಹುಟ್ಟಿದರೆ ಈಗಲೂ ನನಗೊಂದು ಫೋನ್ ಬರುತ್ತದೆ. ಎಲ್ಲರೂ ಕೇಳೋದು ಹೆಸರಿನ ಅರ್ಥ. ಆಮೇಲೆ ಜಾಸ್ತಿ ಕಷ್ಟ ಕೊಡೋದು ಮಾತ್ರ ಹೆಸರಿನ ಸ್ಪೆಲ್ಲಿಂಗ್. ನಿಮ್ಮ ವಿಷಯದಲ್ಲೂ ಹಾಗೇ. ಹೈದರ್ ಎಂಬ ಹೆಸರಿನಲ್ಲಿ ದೋಷ ಇಲ್ಲ. ಅದು ಒಂದು ಪಂಗಡದ ಸ್ವತ್ತೂ ಅಲ್ಲ. ಅದನ್ನು ಕಾಗದದ ಮೇಲೆ ಬರೆಸುವಾಗ ಮಾತ್ರ ನೀವು ಹುಷಾರಾಗಿರಬೇಕು.

ಅರ್ಥದಿಂದ ಶುರು ಮಾಡೋಣ. ಹೈದರ್ ಅಂದರೆ ಸಿಂಹ. ಅರಬ್ಬಿಯಲ್ಲಿ ಹಾ, ಯಾ, ದಾಲ್, ರಾ ಎಂಬ ನಾಲ್ಕು ಅಕ್ಷರ. ಮೊದಲ 'ಹ' ನಮ್ಮ ಹಕಾರಕ್ಕಿಂತ ಗಡುಸು. ಚಳಿಗಾಲದಲ್ಲಿ ಕನ್ನಡಕ ಒರೆಸಲು ಗಾಜಿನ ಮೇಲೆ ಉಸಿರು ಬಿಡುತ್ತೀವಲ್ಲ, ಆ ಹ. 'ದ' ಮಾತ್ರ ನಮ್ಮ ದಕಾರದಷ್ಟೇ ಮೆತ್ತಗೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಫೈಸಲ್, ಹೈಸಮ್, ಹೈದರ್ ಈ ಮೂರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಪದಗಳು. ಫೈಸಲ್ ಅಂದರೆ ತೀರ್ಪು ಕೊಡುವವನು, ಹೈಸಮ್ ಅಂದರೆ ಹದ್ದಿನ ಮರಿ.

ಸಿಂಹಕ್ಕೆ ಅರಬ್ಬಿಯಲ್ಲಿ ಹೆಸರು ಒಂದೆರಡಲ್ಲ. ಅಸದ್, ಲೈಸ್, ಉಸಾಮಾ, ಗಜನ್ಫರ್, ಜಿರ್ಗಾಮ್ ಎಲ್ಲವೂ ಸಿಂಹವೇ. ಹತ್ತನೇ ಶತಮಾನದಲ್ಲಿ ಅಲೆಪ್ಪೊದ ಆಸ್ಥಾನದಲ್ಲಿದ್ದ ವ್ಯಾಕರಣಕಾರ ಇಬ್ನ್ ಖಾಲವೈಹ್ ಸಿಂಹದ ಹೆಸರುಗಳನ್ನೇ ನೂರಾರು ಕೂಡಿಹಾಕಿ ಒಂದು ಪಟ್ಟಿ ಮಾಡಿದ್ದ. ಇಷ್ಟೊಂದು ಪದ ಯಾಕೆ ಅಂತ ವಿದ್ಯಾರ್ಥಿಗಳು ಕೇಳುತ್ತಿದ್ದರು. ಆ ಜನ ಸಿಂಹವನ್ನು ಬೇರೆ ಬೇರೆ ಹೊತ್ತಿನಲ್ಲಿ ನೋಡಿದವರು. ಮುಖ ಗಂಟಿಕ್ಕಿಕೊಂಡ ಸಿಂಹ ಅಬ್ಬಾಸ್. ಹಾಗಾದರೆ ಹೈದರ್ ಯಾವ ಸಿಂಹ?

13ನೇ ಶತಮಾನದ ಕೊನೆಯಲ್ಲಿ ಇಬ್ನ್ ಮಂಜೂರ್ ಬರೆದ 'ಲಿಸಾನುಲ್ ಅರಬ್' ಎಂಬ ದೊಡ್ಡ ನಿಘಂಟಿನಲ್ಲಿ ಇದಕ್ಕೆ ಉತ್ತರ ಇದೆ. ಮನುಷ್ಯರಲ್ಲಿ ರಾಜ ಹೇಗೋ ಸಿಂಹಗಳಲ್ಲಿ 'ಹೈದರ' ಹಾಗೆ ಅಂತ ಒಬ್ಬ ಹಳೆಯ ಪಂಡಿತನ ಮಾತನ್ನು ಅಲ್ಲಿ ಕೊಟ್ಟಿದೆ. ಕಾರಣವನ್ನೂ ಕೊಟ್ಟಿದೆ: ದಪ್ಪ ಕತ್ತು, ಬಲವಾದ ಮುಂಗೈ. ಅದೇ ಧಾತುವಿನಿಂದ 'ಹಾದಿರ್' ಎಂಬ ಪದ ಬರುತ್ತದೆ. ಮೈಕೈ ತುಂಬಿಕೊಂಡ ಗಟ್ಟಿ ಹುಡುಗನನ್ನು 'ಗುಲಾಮುನ್ ಹಾದಿರ್' ಅನ್ನುತ್ತಾರೆ. ನಮ್ಮ ಕಡೆ ಅಜ್ಜಿಯರು ಗುಂಡುಗುಂಡಾಗಿರೋ ಮಗುವಿನ ಕತ್ತು ಮುಟ್ಟಿ, ದೃಷ್ಟಿ ತೆಗೆದು, 'ಹೇಗೆ ತುಂಬಿಕೊಂಡಿದ್ದಾನೆ ನೋಡು' ಅಂತಾರಲ್ಲ, ಅದೇ ಭಾವ. ಕೂಸನ್ನು ಎತ್ತಿಕೊಂಡು ನಿಮ್ಮ ದಾದಿಮಾ ಆ ಹೆಸರು ಹೇಳಿದ್ದು ಓದಿದಾಗ ನನಗೆ ನೆನಪಾಗಿದ್ದು ಈ ಪದವೇ.

ಇನ್ನು 'ಕೆಳಗೆ ಇಳಿಯುವವನು' ಎಂಬುದು ಎಲ್ಲಿಂದ ಬಂತು? ಅದೇ ಧಾತುವಿಗೆ ಇನ್ನೊಂದು ಕವಲು ಇದೆ. ನೀರು ಇಳಿಜಾರಿನಲ್ಲಿ ಹರಿದು ಬರೋದು, ಕಣ್ಣೀರು ಇಳಿಯೋದು, ಕುರಾನನ್ನು ವೇಗವಾಗಿ ಓದಿಕೊಂಡು ಹೋಗುವ ರೀತಿ, ಇವಕ್ಕೆಲ್ಲ 'ಹದರ' ಧಾತುವೇ. ಯಾರೋ ಧಾತುವಿನ ಮೊದಲ ಅರ್ಥ ತೆಗೆದು ಹೆಸರಿಗೆ ಅಂಟಿಸಿದ್ದಾರೆ. ಹಾಗೆ ಮಾಡಬಾರದು. ಒಂದು ಪದದ ಅರ್ಥ ಅಂದರೆ ಆ ಭಾಷೆಯ ಜನ ಅದನ್ನು ಯಾವುದಕ್ಕೆ ಬಳಸಿದರೋ ಅದು. ಅರಬರು ಹೈದರ್ ಪದವನ್ನು ಸಿಂಹಕ್ಕೆ ಬಳಸಿದರು. 'ಧೈರ್ಯವಂತ' ಅನ್ನೋದು ಸಿಂಹದಿಂದ ಹುಟ್ಟಿದ ಗುಣವಾಚಕ, ತಪ್ಪೇನಲ್ಲ, ಪೂರ್ತಿಯೂ ಅಲ್ಲ.

ಮಂಡ್ಯ, ಮೈಸೂರು ಕಡೆಯ ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಿದ್ದ ಇನ್ನೊಂದು ಪ್ರಶ್ನೆ ಇದೆ. ನಮ್ಮ 'ಹೈದ'ನಿಗೂ ಹೈದರ್‌ಗೂ ಸಂಬಂಧ ಉಂಟಾ ಅಂತ. ಇಲ್ಲ. ಹೈದ ಅಪ್ಪಟ ನಮ್ಮ ಪದ. ತಮಿಳಿನ ಪಯ್ಯನ್‌ಗೆ ನೆಂಟ. ಹಳೆಯ ಪಕಾರ ಕನ್ನಡದಲ್ಲಿ ಹಕಾರ ಆಯಿತು, ಪಾಲು ಹಾಲಾದ ಹಾಗೆ. ಎರಡೂ ಪದ ಕಿವಿಗೆ ಹತ್ತಿರ ಕೇಳಿಸುತ್ತವೆ, ಅಷ್ಟೆ.

ಈಗ ಹೆಸರು ಎಲ್ಲಿಂದ ಬಂತು ಅಂತ ನೋಡೋಣ. ನಿಮ್ಮ ಚಿಕ್ಕಮಾವನವರ ಆಕ್ಷೇಪಕ್ಕೂ ಅಲ್ಲೇ ಉತ್ತರ ಇದೆ.

ವರ್ಷ 628. ಮದೀನಾದಿಂದ ಉತ್ತರಕ್ಕೆ ಖೈಬರ್ ಎಂಬ ಓಯಸಿಸ್. ಖರ್ಜೂರದ ತೋಟಗಳು, ಸುತ್ತ ಕೋಟೆಗಳು. ಅಲ್ಲಿನ ಮರ್ಹಬ್ ಎಂಬ ವೀರ ಕೋಟೆಯಿಂದ ಹೊರಗೆ ಬಂದು, ಖೈಬರಿಗೆ ನಾನು ಯಾರು ಅಂತ ಗೊತ್ತು ಎಂದು ಪದ್ಯದಲ್ಲೇ ಸವಾಲು ಹಾಕಿದ. ಆ ಕಾಲದ ಅರಬರು ಕತ್ತಿ ಎತ್ತುವ ಮೊದಲು ತಮ್ಮ ಹೆಸರನ್ನು ಛಂದಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದರು. ಎದುರಿಗೆ ನಿಂತವರು ಪ್ರವಾದಿಯವರ ದೊಡ್ಡಪ್ಪನ ಮಗ, ಅಳಿಯ, ಹಜರತ್ ಅಲಿ. ಅವರೂ ಪದ್ಯದಲ್ಲೇ ಉತ್ತರ ಕೊಟ್ಟರು. ನನ್ನ ತಾಯಿ ಯಾರಿಗೆ ಹೈದರ ಅಂತ ಹೆಸರಿಟ್ಟಳೋ ಅವನು ನಾನು, ಕಾಡಿನ ಸಿಂಹದ ಹಾಗೆ, ನೋಡಲು ಭಯಂಕರ. ಇದು ಆ ಸಾಲುಗಳ ತಾತ್ಪರ್ಯ.

ಇಲ್ಲಿ ಒಂದು ಕ್ಷಣ ನಿಲ್ಲಿ. ಎದುರಿಗೆ ಸಾವು ನಿಂತಿರುವಾಗ ಆ ಮನುಷ್ಯ ತಂದೆಯ ಹೆಸರು ಹೇಳಲಿಲ್ಲ, ಕುಲದ ಹೆಸರು ಹೇಳಲಿಲ್ಲ. ಅಮ್ಮ ಇಟ್ಟ ಹೆಸರು ಹೇಳಿದರು. ಅವರ ತಾಯಿ ಫಾತಿಮಾ ಬಿಂತ್ ಅಸದ್. ಅಂದರೆ ಅಸದ್ ಅವರ ಮಗಳು. ಅಸದ್ ಅಂದರೂ ಸಿಂಹವೇ. ಹಳೆಯ ವಿವರಣೆಕಾರರು ಹೇಳುವ ಪ್ರಕಾರ ಮಗು ಹುಟ್ಟಿದಾಗ ತಂದೆ ಅಬೂತಾಲಿಬ್ ಊರಿನಲ್ಲಿರಲಿಲ್ಲ. ತಾಯಿ ತನ್ನ ಅಪ್ಪನ ನೆನಪಿಗೆ ಮಗುವಿಗೆ ಸಿಂಹದ ಹೆಸರಿಟ್ಟಳು. ತಂದೆ ವಾಪಸ್ಸು ಬಂದು ಅಲಿ ಎಂದು ಕರೆದರು. ಅಲಿ ಅಂದರೆ ಎತ್ತರದವನು. ಜಗತ್ತು ತಂದೆಯ ಹೆಸರನ್ನು ಹಿಡಿದುಕೊಂಡಿತು. ಮಗ ಅಮ್ಮನ ಹೆಸರನ್ನು ಮರೆಯಲಿಲ್ಲ.

ಪದ್ಯದಲ್ಲಿ ಇರೋದು 'ಹೈದರ', ಕೊನೆಗೆ ಅಕಾರ ಇದೆ. ಅದು ಹೆಣ್ಣಿನ ಹೆಸರಾಗುವುದಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಇಲ್ಲ. ಹಮ್ಜಾ, ತಲ್ಹಾ, ಉಸಾಮಾ ಎಲ್ಲ ಹಾಗೇ ಮುಗಿಯುವ ಗಂಡಸರ ಹೆಸರುಗಳು.

ಈ ಪ್ರಸಂಗ ಎಲ್ಲಿದೆ ಗೊತ್ತಾ? 'ಸಹೀಹ್ ಮುಸ್ಲಿಂ'ನಲ್ಲಿ. ಹದೀಸ್ ಅಂದರೆ ಪ್ರವಾದಿಯವರ ನಡೆನುಡಿಯ ವರದಿ. ಸುನ್ನಿಗಳು ಅತ್ಯಂತ ನಂಬುವ ಎರಡು ಹದೀಸ್ ಸಂಗ್ರಹಗಳಲ್ಲಿ ಅದು ಒಂದು. ನಿಮ್ಮ ಚಿಕ್ಕಮಾವನವರ ಮುಂದೆ ವಾದ ಮಾಡಬೇಡಿ. ಮಸೀದಿಯ ಇಮಾಮರ ಹತ್ತಿರ ಕರೆದುಕೊಂಡು ಹೋಗಿ, ಖೈಬರಿನ ಹದೀಸ್ ತೆಗೆಸಿ ತೋರಿಸಿ. ಸಾಕು.

ಆದರೆ ಅವರ ಮಾತಿನಲ್ಲಿ ನಿಜ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಶಿಯಾ ಮನೆಗಳಲ್ಲಿ ಈ ಹೆಸರು ಜಾಸ್ತಿ. ಇರಾಕಿನಲ್ಲಿ ಹೈದರ್ ಅಂದರೆ ಜನ ಶಿಯಾ ಅಂತಲೇ ಅಂದುಕೊಳ್ಳುತ್ತಾರೆ. 2014ರಿಂದ 2018ರವರೆಗೆ ಅಲ್ಲಿ ಪ್ರಧಾನಿಯಾಗಿದ್ದವರು ಹೈದರ್ ಅಲ್ ಅಬಾದಿ. ಇರಾನಿನ ಸಫವಿ ವಂಶದ ಶೇಖ್ ಹೈದರ್ 15ನೇ ಶತಮಾನದಲ್ಲಿ ತನ್ನ ಅನುಯಾಯಿಗಳಿಗೆ 12 ಮಡಿಕೆಯ ಕೆಂಪು ಟೊಪ್ಪಿ ಕೊಟ್ಟ, ಶಿಯಾಗಳ ಗುರುಪರಂಪರೆಯ 12 ಇಮಾಮರ ಲೆಕ್ಕಕ್ಕೆ. ಅದಕ್ಕೆ ಹೈದರಿ ತಾಜ್ ಅಂತಲೇ ಹೆಸರು. ಅವನ ಮಗ ಇಸ್ಮಾಯಿಲ್ ಮುಂದೆ ಇರಾನನ್ನು ಶಿಯಾ ರಾಜ್ಯ ಮಾಡಿದ. ಹಾಗಾಗಿ ಆ ಕಡೆ ಹೆಸರಿಗೆ ಒಂದು ಬಣ್ಣ ಹತ್ತಿತು. ಅದೇ ಸುನ್ನಿ ಆಟೊಮನ್ನರ ಇಸ್ತಾಂಬುಲ್‌ನಲ್ಲಿ ದೊಡ್ಡ ರೈಲು ನಿಲ್ದಾಣದ ಹೆಸರು ಹೈದರ್‌ಪಾಶಾ.

ನಮ್ಮ ದಖ್ಖನ್ನಿನ ಕತೆಯೇ ಬೇರೆ. ಇಲ್ಲಿ ಅಲಿ, ಹಸನ್, ಹುಸೇನ್ ಹೆಸರುಗಳನ್ನು ಯಾರೂ ಪಂಗಡ ನೋಡಿ ಇಡಲಿಲ್ಲ. ರಾಯಚೂರು, ಕೊಪ್ಪಳದ ಕಡೆ ಮೊಹರಂನಲ್ಲಿ ಅಲಾಯಿ ಕುಣಿಯುವ ಊರುಗಳಲ್ಲಿ ಹಿಂದೂ ಮನೆಗಳಲ್ಲೂ ಹುಸೇನಪ್ಪ ಇದ್ದಾನೆ. 1591ರಲ್ಲಿ ಕಟ್ಟಿದ ಹೈದರಾಬಾದಿನ ಹೆಸರಿಗೆ ಎರಡು ಕತೆ. ಹಜರತ್ ಅಲಿಯವರ ಹೆಸರಿನಿಂದ ಬಂತು ಅನ್ನೋದು ಒಂದು. ಸುಲ್ತಾನನ ಪ್ರೇಯಸಿ ಭಾಗಮತಿಗೆ ಹೈದರ್ ಮಹಲ್ ಎಂಬ ಬಿರುದು ಇತ್ತು, ಅದರಿಂದ ಬಂತು ಅನ್ನೋದು ಇನ್ನೊಂದು. ಯಾವುದಾದರೂ ಇರಲಿ, ನಾವು ಕನ್ನಡಿಗರು 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬರುವವರೆಗೂ 'ಹೈದರಾಬಾದ್ ಕರ್ನಾಟಕ' ಅಂತ ಹೇಳುವಾಗೆಲ್ಲ ಈ ಪದ ಹೇಳಿದವರೇ.

ನೀವು ಶಿವಮೊಗ್ಗದವರಾದ್ದರಿಂದ ಒಂದು ವಿಷಯ ವಿವರವಾಗಿ ಹೇಳಬೇಕು. ನಿಮ್ಮದೇ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ 'ನಗರ' ಎಂಬ ಊರಿದೆಯಲ್ಲ, ಕೆಳದಿ ಅರಸರ ಬಿದನೂರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿ 1763ರಲ್ಲಿ ಅದನ್ನು ಗೆದ್ದು ಹೈದರ್‌ನಗರ ಅಂತ ಕರೆದ. ಕಾಲ ಹೋದ ಹಾಗೆ ಮುಂದಿನ ಅರ್ಧ ಉದುರಿ 'ನಗರ' ಉಳಿಯಿತು. ಈಗ ಆ ಊರಿನ ಬಸ್ಸಿನ ಬೋರ್ಡ್ ನೋಡಿದಾಗಲೆಲ್ಲ ಅದರಲ್ಲಿ ಕಾಣದ ಆ ಮೂರಕ್ಷರ ನನಗೆ ಕಾಣುತ್ತದೆ.

ಹೈದರ್ ಅಲಿಯ ಚಿನ್ನದ ವರಾಹವನ್ನು ನಾನು ಒಮ್ಮೆ ಅಂಗೈ ಮೇಲೆ ಇಟ್ಟುಕೊಂಡು ನೋಡಿದ್ದೇನೆ. ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಒಂದು ಕಡೆ ಕೂತಿರುವ ಶಿವ ಪಾರ್ವತಿ, ಕೆಳದಿಯವರ ಕಾಲದಲ್ಲಿ ಇದ್ದ ಹಾಗೇ. ತಿರುಗಿಸಿದರೆ ಸಣ್ಣ ಸಣ್ಣ ಚುಕ್ಕೆಗಳ ನಡುವೆ ಕೊಕ್ಕೆಯ ಹಾಗೆ ಬಾಗಿದ ಒಂದೇ ಅಕ್ಷರ. ಆಗಲೇ ಹೇಳಿದ ಆ ಗಡುಸು 'ಹಾ'. ಹೈದರ್ ಎಂಬುದರ ಮೊದಲಕ್ಷರ. ಪೂರ್ತಿ ಹೆಸರಿಲ್ಲ, ಬಿರುದಿಲ್ಲ.

ಅವನ ಮಗ ಟಿಪ್ಪು ನಾಣ್ಯಗಳಿಗೆ ಒಂದೊಂದಕ್ಕೂ ಹೆಸರಿಟ್ಟ. ಎರಡು ರೂಪಾಯಿಯ ದೊಡ್ಡ ಬೆಳ್ಳಿ ನಾಣ್ಯ 'ಹೈದರಿ'. ಅಪ್ಪನ ಹೆಸರು ಅಂತ ತುಂಬಾ ಜನ ತಿಳಿದಿದ್ದಾರೆ. ಉಳಿದ ನಾಣ್ಯಗಳನ್ನು ಜೊತೆಗಿಟ್ಟು ನೋಡಿದರೆ ಅದು ಹಜರತ್ ಅಲಿಯವರ ಹೆಸರು ಅಂತ ಗೊತ್ತಾಗುತ್ತದೆ. ಚಿನ್ನದಲ್ಲಿ ಸಿದ್ದೀಖಿ, ಫಾರೂಖಿ. ಅವು ಪ್ರವಾದಿಯವರ ನಂತರ ನಾಯಕರಾದ ಖಲೀಫರಲ್ಲಿ ಮೊದಲಿಬ್ಬರು, ಅಬೂಬಕರ್, ಉಮರ್ ಅವರ ಬಿರುದು. ತಾಮ್ರದಲ್ಲಿ ಉಸ್ಮಾನಿ, ಮೂರನೆಯ ಖಲೀಫ ಉಸ್ಮಾನರ ಹೆಸರು. ನಾಲ್ಕನೆಯವರೇ ಅಲಿ. ಬೆಳ್ಳಿಯಲ್ಲಿ ಹೈದರಿಯ ಕೆಳಗೆ ಇಮಾಮಿ, ಆಬಿದಿ, ಬಾಖಿರಿ, ಜಾಫರಿ, ಕಾಜಿಮಿ, ಎಲ್ಲ ಶಿಯಾಗಳು ಗೌರವಿಸುವ ಇಮಾಮರ ಕಡೆಯವು. ಒಂದೇ ಟಂಕಸಾಲೆಯಿಂದ ಸುನ್ನಿಗಳ ನಾಲ್ಕು ಖಲೀಫರೂ ಶಿಯಾಗಳ ಇಮಾಮರೂ ಹೊರಟು, ಶ್ರೀರಂಗಪಟ್ಟಣದ ಸಂತೆಯಲ್ಲಿ ಒಂದೇ ಚೀಲದಲ್ಲಿ ಕೂಡಿದರು. ಟಿಪ್ಪುವಿನ ಮನೆತನ ಸುನ್ನಿ. ಇನ್ನೂರು ವರ್ಷಕ್ಕೂ ಹಿಂದೆ ನಮ್ಮ ನಾಡಿನಲ್ಲೇ ಹೀಗೆ ನಡೆದಿರುವಾಗ ಈ ಹೆಸರನ್ನು ಒಂದು ಪಂಗಡಕ್ಕೆ ಬರೆದುಕೊಡೋದು ನನಗೆ ಸರಿ ಕಾಣುವುದಿಲ್ಲ.

ಕುರಾನಿನ ವಿಷಯ. ಹೈದರ್ ಎಂಬ ಪದ ಕುರಾನಿನಲ್ಲಿ ಇಲ್ಲ, ನಿಜ. ಅಲ್ಲಿ ಸಿಂಹಕ್ಕೆ ಬಂದಿರೋದು 74ನೇ ಅಧ್ಯಾಯದ 'ಕಸ್ವರಾ' ಎಂಬ ಪದ. ಅದನ್ನೂ ಕೆಲವರು ಬೇಟೆಗಾರರು ಅಂತ ಅರ್ಥ ಮಾಡುತ್ತಾರೆ. ಆದರೆ ಹೆಸರು ಕುರಾನಿನಲ್ಲಿ ಇರಲೇಬೇಕು ಎಂಬ ನಿಯಮ ಎಲ್ಲಿದೆ? ಉಮರ್, ಉಸ್ಮಾನ್, ಬಿಲಾಲ್ ಇವರ ಹೆಸರೂ ಅಲ್ಲಿಲ್ಲ. ಒಳ್ಳೆಯ ಅರ್ಥ ಇರಬೇಕು, ಅಷ್ಟೇ.

ಅಕ್ಕನವರ 'ಭಾರೀ ನಾಮ್' ಮಾತಿಗೆ ಸ್ವಲ್ಪ ನಿಧಾನವಾಗಿ ಉತ್ತರ ಹೇಳಬೇಕು, ಯಾಕೆಂದರೆ ಅದು ಪ್ರೀತಿಯಿಂದ ಹುಟ್ಟಿದ ಹೆದರಿಕೆ. ಇದಕ್ಕೆ ಆಧಾರವಾಗಿ ಕೆಲವರು ಒಂದು ಹದೀಸ್ ಹೇಳುತ್ತಾರೆ. ಹಜ್ನ್ ಎಂಬ ಒಬ್ಬರಿದ್ದರು. ಹಜ್ನ್ ಅಂದರೆ ಒರಟು ನೆಲ. ಪ್ರವಾದಿಯವರು 'ನೀನು ಸಹ್ಲ್' ಅಂದರು. ಸಹ್ಲ್ ಅಂದರೆ ಸಲೀಸು. ಅಪ್ಪ ಇಟ್ಟ ಹೆಸರು ಬದಲಿಸಲ್ಲ ಅಂತ ಆತ ಒಪ್ಪಲಿಲ್ಲ. ಆ ಒರಟುತನ ನಮ್ಮ ಮನೆಯಲ್ಲಿ ಉಳಿದುಬಿಟ್ಟಿತು ಅಂತ ಮೊಮ್ಮಗ ಮುಂದೆ ಹೇಳಿದ. ಹದೀಸ್ ನಿಜ. ಆದರೆ ಅಲ್ಲಿ ಹೆಸರಿನ ಅರ್ಥವೇ ಕೆಟ್ಟದ್ದು. ಹಾಗೇ ಆಸಿಯಾ (ನಮ್ಮಲ್ಲಿ ಈಗ ಇಡುವ ಆಸಿಯಾ ಬೇರೆ ಪದ), ಅಂದರೆ ಮಾತು ಕೇಳದವಳು, ಎಂಬ ಹೆಸರನ್ನು ಜಮೀಲಾ ಅಂತ ಬದಲಿಸಿದ್ದೂ ಉಂಟು. ಸಿಂಹದ ಹೆಸರಿಗೆ ಹಾಗಾಗಲಿಲ್ಲ. ಪ್ರವಾದಿಯವರ ಚಿಕ್ಕಪ್ಪಂದಿರು ಹಮ್ಜಾ, ಅಬ್ಬಾಸ್. ಅವರು ಮಗನ ಹಾಗೆ ಸಾಕಿದವರ ಮಗ ಉಸಾಮಾ. ಮೂರೂ ಸಿಂಹದ ಹೆಸರೇ. ಯಾವುದನ್ನೂ ಅವರು ಬದಲಿಸಲಿಲ್ಲ. ಮಗು ರಾತ್ರಿ ಅತ್ತರೆ ಹೊಟ್ಟೆನೋವು ಅಥವಾ ಹಸಿವು ಅಂತ ನೋಡಿ, ಹೆಸರಿನ ಮೇಲೆ ಹಾಕಬೇಡಿ. ಹೆಸರು ಹೊರಲಾರದ ಮಗುವನ್ನು ನಾನು ಇದುವರೆಗೆ ಕಂಡಿಲ್ಲ. ಸಣ್ಣ ಜ್ವರ ಬಂದಾಗಲೆಲ್ಲ 'ಹೆಸರು ಆಗಿಬರಲಿಲ್ಲ' ಅಂತ ಹೆದರುವ ತಾಯಂದಿರನ್ನು ಬೇಕಾದಷ್ಟು ಕಂಡಿದ್ದೇನೆ. ನಿಮ್ಮ ಹೆಂಡತಿಗೆ ಆ ಹೆದರಿಕೆ ಅಂಟದ ಹಾಗೆ ನೋಡಿಕೊಳ್ಳಿ.

ಈಗ ಬರವಣಿಗೆ. ದಯವಿಟ್ಟು ಇಲ್ಲಿ ಗಮನ ಕೊಡಿ.

ನನ್ನ ಒಬ್ಬ ವಿದ್ಯಾರ್ಥಿಯ ಹೆಸರು ಹೈದರ್ ಅಲಿ. ಶಾಲೆಯ ಇಂಗ್ಲಿಷ್ ದಾಖಲೆಯಲ್ಲಿ ಎಚ್, ವೈ, ಡಿ, ಇ, ಆರ್ ಅಂತ ಇತ್ತು. ಅದನ್ನು ನೋಡಿಕೊಂಡು ಯಾರೋ ಅಂಕಪಟ್ಟಿಯಲ್ಲಿ ಕನ್ನಡದಲ್ಲಿ 'ಹೈಡರ್' ಮಾಡಿದರು. ಆಧಾರಿನಲ್ಲಿ ಎರಡೂ ಹೆಸರು ಅಂಟಿಕೊಂಡು ಒಂದೇ ಪದವಾಗಿತ್ತು. ಪಾಸ್‌ಪೋರ್ಟಿನಲ್ಲಿ ವೈ ಹೋಗಿ ಎ, ಐ ಬಂತು. ರಿಯಾದಿನಲ್ಲಿ ಕೆಲಸ ಸಿಕ್ಕಾಗ ಮೂರು ಕಾಗದದಲ್ಲಿ ಮೂರು ಮನುಷ್ಯರು. ಅಫಿಡವಿಟ್, ಗೆಜೆಟ್ ಅಂತ ಎಂಟು ತಿಂಗಳು ಅಲೆದ. ಆ ಕೆಲಸ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಲೈಸೆನ್ಸ್ ಎಲ್ಲದಕ್ಕೂ ಹುಟ್ಟಿದ ದಿನ, ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಬಿದ್ದ ಅಕ್ಷರವೇ ಮುಂದೆ ಎಲ್ಲ ಕಡೆ ಹೋಗುತ್ತದೆ. ಅವಸರ ಬೇಡ. ಜನನ ನೋಂದಣಿ ಆಗಿದ್ದರೆ ಹೆಸರು ಸೇರಿಸಲು 12 ತಿಂಗಳವರೆಗೆ ಶುಲ್ಕವೂ ಇಲ್ಲ.

ಎಚ್-ವೈ-ಡಿ-ಇ-ಆರ್ ನಮ್ಮಲ್ಲಿ ಹಳೆಯದು, ಬ್ರಿಟಿಷರು ಬರೆದ ರೀತಿ. ಹೊರಗಿನವರು ಅದನ್ನು 'ಹೈಡರ್' ಅಂತ ಓದುತ್ತಾರೆ. ಗಲ್ಫಿನಲ್ಲಿ ಗುರುತಿನ ಚೀಟಿಗೆ ಅರಬ್ಬಿಗೆ ತಿರುಗಿಸುವವರು ಅದನ್ನು ನೋಡಿ ಗಡುಸು 'ಹಾ' ಬದಲು ಹಗುರ 'ಹಾ' ಹಾಕಿಬಿಡಬಹುದು. ಆಗ ಅದು ಸಿಂಹವೂ ಅಲ್ಲ, ಏನೂ ಅಲ್ಲ. ಎಚ್-ಎ-ಐ-ಡಿ-ಇ-ಆರ್ ಎಲ್ಲರಿಗೂ ಪರಿಚಿತ, ತೊಂದರೆ ಕಡಿಮೆ. ನನ್ನ ಆಯ್ಕೆ ಮಾತ್ರ ಎಚ್-ಎ-ಐ-ಡಿ-ಎ-ಆರ್. ಅರಬ್ಬಿ ಉಚ್ಚಾರಕ್ಕೆ ಅದೇ ಹತ್ತಿರ.

ಹೈದರ್ ಒಂದನ್ನೇ ಇಡಬೇಡಿ. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದರೆ ಭೇಟಿ ವೀಸಾ ಕೊಡುವುದಿಲ್ಲ ಅಂತ ಯುಎಇ 2022ರ ನವೆಂಬರಿನಲ್ಲೇ ಹೇಳಿದೆ. ಜೊತೆಗೆ ಏನು ಸೇರಿಸಬೇಕು ಅನ್ನೋದು ನಿಮಗೆ ಬಿಟ್ಟಿದ್ದು. 'ಹೈದರ್ ಅಲಿ' ಅಂದರೆ ಅಮ್ಮ ಇಟ್ಟ ಹೆಸರು, ಅಪ್ಪ ಇಟ್ಟ ಹೆಸರು ಎರಡೂ ಸೇರಿದ್ದು, ಕೇಳಲು ಚೆಂದ. ಆದರೆ ನಮ್ಮ ರಾಜ್ಯದಲ್ಲಿ ಆ ಜೋಡಿ ಹೇಳಿದ ತಕ್ಷಣ ಚರಿತ್ರೆಯ ಪಾಠ ತೆರೆದುಕೊಳ್ಳುತ್ತದೆ. ತರಗತಿಯಲ್ಲಿ ಆ ಪಾಠ ಬಂದ ದಿನ ಎಲ್ಲರೂ ಅವನ ಕಡೆ ತಿರುಗುತ್ತಾರೆ. ಕೆಲವು ಮಕ್ಕಳಿಗೆ ಅದು ಖುಷಿ, ಕೆಲವರಿಗೆ ಹಿಂಸೆ. 'ಮೊಹಮ್ಮದ್ ಹೈದರ್' ಇಟ್ಟರೆ ಫಾರಂಗಳಲ್ಲಿ ಮೊದಲ ಹೆಸರು ಮೊಟಕಾಗಿ, ದುಬೈ ಆಫೀಸಿನಲ್ಲಿ ಎಲ್ಲರೂ ಮೊಹಮ್ಮದ್ ಅಂತ ಕರೆದು, ಹೈದರ್ ಮೂಲೆ ಸೇರುತ್ತದೆ. 'ಗುಲಾಮ್ ಹೈದರ್' ಹಳೆಯ ದಖ್ಖನಿ ಮನೆಗಳಲ್ಲಿ ಇತ್ತು. ಗುಲಾಮ್ ಪದವನ್ನು ಈಗ ಕೆಲವು ಮೌಲ್ವಿಗಳು ಒಪ್ಪುವುದಿಲ್ಲ. ಅರಬ್ಬಿಯಲ್ಲಿ ಅದಕ್ಕೆ ಹುಡುಗ ಅಂತಲೂ ಅರ್ಥ ಇರುವುದರಿಂದ ಗಲ್ಫಿನವರಿಗೆ ವಿಚಿತ್ರ ಕೇಳಿಸುತ್ತದೆ. ನನಗೆ ಸರಿ ಕಾಣೋದು ಹೈದರ್, ಅದರ ಹಿಂದೆ ನಿಮ್ಮ ಹೆಸರು. ಅರಬರ ಪದ್ಧತಿಯೂ ಅದೇ.

ಇಷ್ಟೆಲ್ಲ ಹೇಳಿದ ಮೇಲೂ ಮನೆಯಲ್ಲಿ ಮನಸ್ತಾಪ ಕರಗದಿದ್ದರೆ ಹಮ್ಜಾ ಅಥವಾ ಅಸದ್ ಇಡಬಹುದು. ಎರಡೂ ಸಿಂಹವೇ, ಯಾರ ತಕರಾರೂ ಇರುವುದಿಲ್ಲ. ಆದರೆ ಮೊದಲು ದಾದಿಮಾ ಹತ್ತಿರ ಕೂತು ಒಂದು ಮಾತು ಕೇಳಿ, ಅವರಿಗೆ ಈ ಹೆಸರು ಎಲ್ಲಿಂದ ಹೊಳೆಯಿತು ಅಂತ. ಅವರ ತಂದೆಯದೋ, ಸಣ್ಣದರಲ್ಲೇ ಹೋದ ತಮ್ಮನದೋ ಇರಬಹುದು. ಫಾತಿಮಾ ಬಿಂತ್ ಅಸದ್ ಮಾಡಿದ್ದೂ ಅದನ್ನೇ ಅಲ್ವಾ. ಹಾಗಿದ್ದರೆ ಆ ಊರು, ಆ ಹೆಸರು, ಸಂಬಂಧ ಎಲ್ಲ ಬರೆದಿಟ್ಟುಕೊಳ್ಳಿ. ಮಗು ದೊಡ್ಡವನಾಗಿ ಕೇಳಿದಾಗ ನಿಘಂಟಿನ ಅರ್ಥದ ಜೊತೆಗೆ ಅದನ್ನೂ ಹೇಳಬಹುದು.

ಅರ್ಜಿ ಕೊಡುವ ದಿನ ಕನ್ನಡದ ಖಾನೆಯಲ್ಲಿ ನೀವೇ ನಿಮ್ಮ ಕೈಯಿಂದ 'ಹೈದರ್' ಅಂತ ಬರೆಯಿರಿ, ದಕಾರ ಬಿಡಿಸಿ ಕಾಣುವ ಹಾಗೆ. ಕಂಪ್ಯೂಟರಿನಲ್ಲಿ ಹಾಕಿದ ಮೇಲೆ ಅಚ್ಚು ಹಾಕುವ ಮೊದಲು ಪರದೆಯ ಮೇಲೆ ಎರಡೂ ಭಾಷೆಯಲ್ಲಿ ಅಕ್ಷರ ಅಕ್ಷರ ಓದಿ. ಸರಿ ಇದ್ದರೆ ಮಾತ್ರ ಸಹಿ ಹಾಕಿ.